ದೃಷ್ಟಿ ಕಾರ್ಟೆಕ್ಸಿನ ಗಣಿತ ಮಾದರಿಯನ್ನು ನಮ್ಮೂರಿನಲ್ಲೇ ಕೂತು ಕಟ್ಟಬಹುದೇ?

ಮಿದುಳಿನ ಸ್ಕ್ಯಾನ್ ಬಳಸಿ ದೃಷ್ಟಿ ಕಾರ್ಟೆಕ್ಸಿಗೆ, ಅಂದರೆ ಕಣ್ಣು ಕಂಡದ್ದನ್ನು ಸಂಸ್ಕರಿಸುವ ಮಿದುಳಿನ ಹೊರಪದರದ ಭಾಗಕ್ಕೆ, ಗಣಿತ ಮಾದರಿ ಕಟ್ಟುವುದೆಂದರೇನು, ಚಿತ್ರದುರ್ಗದಲ್ಲಿ ಗಣಿತ ಎಂ.ಎಸ್ಸಿ. ಓದುತ್ತಿರುವವರಿಗೆ ಅದು ಕೈಗೆಟುಕುವ ಕೆಲಸವೇ ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ಗಣಿತ ಕಲಿಸುತ್ತ ಈ ವಿಷಯದ ಬೆನ್ನು ಹತ್ತಿರುವವನಾಗಿ ಹೇಳುತ್ತೇನೆ: ಖಂಡಿತ ಎಟುಕುತ್ತದೆ.

ಇಲ್ಲಿ ಬಳಸುವ ಸ್ಕ್ಯಾನ್ ಎಫ್‌ಎಂಆರ್‌ಐ, ಅಂದರೆ ಮಿದುಳಿನ ಚಟುವಟಿಕೆಯನ್ನು ಕಾಂತಕ್ಷೇತ್ರದ ನೆರವಿನಿಂದ ಚಿತ್ರಿಸುವ ವಿಧಾನ. ಅದು ನರಕೋಶಗಳ ವಿದ್ಯುತ್ ಸಂಕೇತವನ್ನು ನೇರವಾಗಿ ಅಳೆಯುವುದಿಲ್ಲ. ನರಕೋಶಗಳು ಚುರುಕಾದೆಡೆ ರಕ್ತದ ಆಮ್ಲಜನಕದಲ್ಲಾಗುವ ಬದಲಾವಣೆಯನ್ನು ಅದು ಹಿಡಿಯುತ್ತದೆ. ಆ ಸಂಕೇತ ಶಿಖರ ಮುಟ್ಟುವಷ್ಟರಲ್ಲಿ ಸುಮಾರು ಐದಾರು ಸೆಕೆಂಡು ಕಳೆದಿರುತ್ತದೆ. ಎರಡು-ಮೂರು ಮಿಲಿಮೀಟರ್ ಅಗಲದ ಒಂದು ವಾಕ್ಸೆಲ್‌ನಲ್ಲಿ (ಸ್ಕ್ಯಾನ್ ಚಿತ್ರದ ಅತಿ ಚಿಕ್ಕ ಘನ ತುಣುಕು) ಲಕ್ಷಾಂತರ ನರಕೋಶಗಳಿರುವುದರಿಂದ, ನಮ್ಮ ಮಾದರಿ ಆ ಸಮೂಹದ್ದೇ ಹೊರತು ಬಿಡಿ ನರಕೋಶದ್ದಲ್ಲ.

ಸಂಶೋಧಕರಾದ ಡ್ಯೂಮೂಲಾ ಮತ್ತು ವಾಂಡೆಲ್ 2008ರಲ್ಲಿ ಮಂಡಿಸಿದ ವಿಧಾನದಿಂದ ಆರಂಭಿಸಿ. ಅದರ ಸರಳತೆ ನನಗೆ ಇಂದಿಗೂ ಅಚ್ಚರಿ. ಪ್ರತಿ ವಾಕ್ಸೆಲ್‌ಗೂ ದೃಷ್ಟಿಕ್ಷೇತ್ರದ ಮೇಲೆ ಒಂದು ಗಾಸಿಯನ್ (ನಡುವೆ ಎತ್ತರವಾಗಿ ಸುತ್ತಲೂ ಇಳಿಯುವ ಗಂಟೆಯಾಕಾರದ ಫಲನ) ಇದೆಯೆಂದು ಊಹಿಸುತ್ತೇವೆ: ಕೇಂದ್ರಕ್ಕೆ ಎರಡು ನಿರ್ದೇಶಾಂಕ, ಜೊತೆಗೆ ಒಂದು ಹರವು. ಸ್ಕ್ಯಾನರ್‌ನಲ್ಲಿರುವ ವ್ಯಕ್ತಿ ನೋಡುವ ಪರದೆಯ ಮೇಲೆ ಸರಿಯುವ ಪಟ್ಟಿಯು ಆ ಗಾಸಿಯನ್‌ನ ಎಷ್ಟು ಭಾಗವನ್ನು ಆವರಿಸಿದೆ ಎಂಬುದನ್ನು ಕ್ಷಣಕ್ಷಣಕ್ಕೂ ಅನುಕಲಿಸಿ, ರಕ್ತದ ನಿಧಾನ ಪ್ರತಿಕ್ರಿಯೆಯೊಡನೆ ಕನ್ವಲ್ಯೂಷನ್ ಮಾಡಿ (ಆ ವಿಳಂಬವನ್ನು ಲೆಕ್ಕಕ್ಕೆ ಬೆರೆಸಿ), ಅಳತೆಯೊಂದಿಗೆ ಕನಿಷ್ಠ ವರ್ಗ ವಿಧಾನದಿಂದ ಹೊಂದಿಸುತ್ತೇವೆ.

ಎಲ್ಲ ವಾಕ್ಸೆಲ್‌ಗಳ ಕೇಂದ್ರಗಳನ್ನು ಒಟ್ಟಿಗೆ ಇಟ್ಟರೆ ಕಾರ್ಟೆಕ್ಸಿನ ಮೇಲೆ ದೃಷ್ಟಿಕ್ಷೇತ್ರದ ನಕ್ಷೆ ದೊರೆಯುತ್ತದೆ; ಅದು ಸಮಪ್ರಮಾಣದ್ದಲ್ಲ. ಒನಕೆ ಓಬವ್ವನ ಕಿಂಡಿಯ ಮೇಲೆ ನೋಟ ನೆಟ್ಟು ನಿಂತರೆ, ಆ ಪುಟ್ಟ ಕಿಂಡಿಗೆ ಕಾರ್ಟೆಕ್ಸಿನಲ್ಲಿ ವಿಶಾಲ ಜಾಗ, ಸುತ್ತಲಿನ ಹೆಬ್ಬಂಡೆಗಳಿಗೆ ಅವುಗಳ ಗಾತ್ರಕ್ಕೆ ಹೋಲಿಸಿದರೆ ತೀರ ಕಡಿಮೆ. ಹಾರ್ಟನ್ ಮತ್ತು ಹಾಯ್ಟ್ 1991ರಲ್ಲಿ ಕೊಟ್ಟ ಸೂತ್ರದಂತೆ, ನೋಟದ ನಡುವಿನಿಂದ ಹತ್ತು ಡಿಗ್ರಿ ಆಚೆ ದೃಷ್ಟಿಕ್ಷೇತ್ರದ ಒಂದು ಡಿಗ್ರಿಗೆ ಕಾರ್ಟೆಕ್ಸಿನಲ್ಲಿ ಸಿಗುವುದು ಸುಮಾರು 1.6 ಮಿ.ಮೀ.; ನಟ್ಟನಡುವೆ ಆ ಪ್ರಮಾಣ ಸುಮಾರು 23 ಮಿ.ಮೀ.

ಮಾದರಿಯ ನಿಜವಾದ ಪರೀಕ್ಷೆ ಹೊಸ ದತ್ತಾಂಶದ ಮೇಲೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಗ್ಯಾಲಂಟ್ ಅವರ ಸಂಶೋಧನಾ ತಂಡ 2008ರಲ್ಲಿ 1750 ಚಿತ್ರಗಳಿಂದ ಮಾದರಿ ಕಟ್ಟಿ, ಅದು ಹಿಂದೆಂದೂ ಕಾಣದ 120 ಚಿತ್ರಗಳಲ್ಲಿ ವ್ಯಕ್ತಿ ಯಾವುದನ್ನು ನೋಡಿದರೆಂದು ಒಬ್ಬರಲ್ಲಿ ಶೇ. 92, ಇನ್ನೊಬ್ಬರಲ್ಲಿ ಶೇ. 72ರಷ್ಟು ಸರಿಯಾಗಿ ಗುರುತಿಸಿತು.

ಸ್ಕ್ಯಾನರ್ ಇಲ್ಲವೆಂಬ ಚಿಂತೆ ಬೇಡ. ಅಮೆರಿಕದ ಮಿನ್ನೆಸೋಟದಲ್ಲಿ ಎಂಟು ಜನರನ್ನು 7 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಸಾಮರ್ಥ್ಯದ ಯಂತ್ರದಲ್ಲಿ ಅಳೆದ ನ್ಯಾಚುರಲ್ ಸೀನ್ಸ್ ಡೇಟಾಸೆಟ್ ಸಂಶೋಧಕರಿಗೆ ಮುಕ್ತವಾಗಿದೆ. ಆದರೆ ಅದಕ್ಕೂ ಮುನ್ನ ಲ್ಯಾಪ್‌ಟಾಪಿನಲ್ಲಿ ನೀವೇ ಒಂದು ಕೃತಕ ವಾಕ್ಸೆಲ್ ಸೃಷ್ಟಿಸಿ, ಗದ್ದಲ (ಯಾದೃಚ್ಛಿಕ ಏರುಪೇರು) ಬೆರೆಸಿ, ಕೇಂದ್ರ ಮತ್ತು ಹರವು ಮರಳಿ ಸಿಗುತ್ತವೆಯೇ ನೋಡಿ. ಮೊದಲು ಹದಗೆಡುವುದು ಸಾಮಾನ್ಯವಾಗಿ ಹರವಿನ ಅಂದಾಜು.