ಗ್ಯಾರೇಜ್ ಪ್ರಶ್ನೋತ್ತರ: ತೊಟ್ಟಿಕ್ಕುವುದು ಒಂದು ಕಡೆ, ಸೋರುವುದು ಇನ್ನೊಂದು ಕಡೆ

ಪ್ರಶ್ನೆ: ನನ್ನದು 1998ರ ಮಾರುತಿ 800, ಕಾರ್ಬ್ಯುರೇಟರ್ ಗಾಡಿ. ಕೊಂಡಾಗಿನಿಂದ ನಾನೇ ಓಡಿಸುತ್ತಿದ್ದೇನೆ. ಈಚೆಗೆ ಬೆಳಿಗ್ಗೆ ಗಾಡಿ ಹೊರತೆಗೆದರೆ ಶೆಡ್ಡಿನ ನೆಲದ ಮೇಲೆ ಅಂಗೈಯಗಲ ಎಣ್ಣೆ ಬಿದ್ದಿರುತ್ತದೆ. ನಮ್ಮೂರಿನ ಮೆಕ್ಯಾನಿಕ್ ಚೇಂಬರಿನ (ಎಂಜಿನ್ ತಳದ ಎಣ್ಣೆ ತೊಟ್ಟಿಯ) ಪ್ಯಾಕಿಂಗ್ ಬದಲಾಯಿಸಿದರು, ನಿಲ್ಲಲಿಲ್ಲ. ಮತ್ತೆ ಬಿಚ್ಚಿ ಅನಾಬಾಂಡ್ ಅಂಟು ಹಚ್ಚಿ ಕೂರಿಸಿದರು, ಆಗಲೂ ನಿಲ್ಲಲಿಲ್ಲ. ಘಾಟಿ ಹತ್ತುವಾಗ ಎಣ್ಣೆ ಸುಟ್ಟ ವಾಸನೆ ಬೇರೆ. ಈಗ ಹಿಂದಿನ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟಿನ ಹಿಂತುದಿಯಲ್ಲಿ ಎಣ್ಣೆ ತಡೆಯುವ ರಬ್ಬರ್ ಬಳೆ) ಹೋಗಿದೆ, ಎಂಜಿನ್ನೇ ಇಳಿಸಬೇಕು ಅನ್ನುತ್ತಿದ್ದಾರೆ. ಮಗ ಗಾಡಿ ಮಾರಿಬಿಡಿ ಅನ್ನುತ್ತಾನೆ. ಏನು ಮಾಡಲಿ? ಸೋರಿಕೆ ನಿಲ್ಲಿಸುವ ಔಷಧಿ ಬಾಟಲಿಯಲ್ಲಿ ಸಿಗುತ್ತದಂತೆ, ಹಾಕಿ ನೋಡಬಹುದೇ?
ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಮೇಷ್ಟ್ರೇ, ಎಂಜಿನ್ ಇಳಿಸುವುದಕ್ಕೆ ಈಗಲೇ ಒಪ್ಪಬೇಡಿ. ಮಾರುವ ಮಾತಂತೂ ಬೇಡ. ಇಷ್ಟು ವರ್ಷ ಒಂದೇ ಕೈಯಲ್ಲಿ ಓಡಿದ ಗಾಡಿ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ನಿಮ್ಮ ಕಾಗದದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ನೆಲದ ಮೇಲಿನ ಎಣ್ಣೆಗಿಂತ ಘಾಟಿಯಲ್ಲಿ ಬರುವ ವಾಸನೆ. ಚೇಂಬರ್ ಇರುವುದು ಎಂಜಿನ್ನಿನ ತಳದಲ್ಲಿ. ಅಲ್ಲಿಂದ ಸೋರಿದ ಎಣ್ಣೆ ಬಹುಮಟ್ಟಿಗೆ ನೇರ ರಸ್ತೆಗೆ ಬೀಳುತ್ತದೆ. ಸುಟ್ಟ ವಾಸನೆ ಬರಬೇಕಾದರೆ ಎಣ್ಣೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ, ಅಂದರೆ ಹೊಗೆ ಹೊರಹೋಗುವ ಕಾದ ಕೊಳವೆಯ ಮೇಲೆ ಬೀಳಬೇಕು, ಅಂದರೆ ಅದಕ್ಕಿಂತ ಮೇಲಿನಿಂದ ಇಳಿದು ಬರಬೇಕು. ಹೆಂಚಿನ ಮನೆಯಲ್ಲಿ ಇದ್ದವರು ನೀವು. ನೀರು ಪಕಾಸಿಯ ಮೇಲೆ ಹರಿದು ಬಂದು ಎಲ್ಲೋ ತೊಟ್ಟಿಕ್ಕುತ್ತದೆ, ಒಡೆದ ಹೆಂಚು ಇರುವುದು ಇನ್ನೆಲ್ಲೋ. ಇಲ್ಲಿ ಆಗಿರುವುದೂ ಅದೇ ಅಂತ ನನ್ನ ಅನುಮಾನ. ಮೇಲಿನಿಂದ ಇಳಿದ ಎಣ್ಣೆ ಬ್ಲಾಕಿನ ಮೈಮೇಲೆ ಹರಿದು ಚೇಂಬರಿನ ಅಂಚಿಗೆ ಬಂದು ನಿಲ್ಲುತ್ತದೆ. ಕೆಳಗೆ ಮಲಗಿ ನೋಡಿದವರಿಗೆ ಚೇಂಬರ್ ಪ್ಯಾಕಿಂಗೇ ಹೋಗಿದೆ ಅನ್ನಿಸುತ್ತದೆ.

ಅದಕ್ಕೇ ಸ್ಪ್ಯಾನರ್ ಹಿಡಿಯುವ ಮೊದಲು ಎಂಜಿನ್ ತೊಳೆಯಬೇಕು. ತಣ್ಣಗಿರುವಾಗ ಮಾತ್ರ. ಬ್ಯಾಟರಿ ವೈರ್ ಕಳಚಿ. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ), ಆಲ್ಟರ್ನೇಟರ್, ಕಾರ್ಬ್ಯುರೇಟರ್ ಈ ಮೂರಕ್ಕೂ ಪ್ಲಾಸ್ಟಿಕ್ ಚೀಲ ಕಟ್ಟಿ. ಡೀಸೆಲ್‌ನಲ್ಲಿ ಬ್ರಷ್ ಅದ್ದಿ, ಎಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರಿನಿಂದ ಶುರುಮಾಡಿ ಚೇಂಬರಿನವರೆಗೆ ಉಜ್ಜಿ, ಸೋಪಿನ ನೀರಿನಲ್ಲಿ ಡೀಸೆಲ್ ಅಂಶ ಪೂರ್ತಿ ತೊಳೆದು ಚೆನ್ನಾಗಿ ಒಣಗಲು ಬಿಡಿ. ಒಣಗಿದ ಮೇಲೆ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿ, ಬೆಲ್ಟಿನ ಕಡೆಗೆ ಮಾತ್ರ ಬೇಡ. ಸ್ವಲ್ಪ ದೂರ ಓಡಿಸಿಕೊಂಡು ಬಂದು, ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿ. ಬಿಳಿ ಪುಡಿಯ ಮೇಲೆ ಎಣ್ಣೆ ಕಪ್ಪು ಗೆರೆ ಎಳೆದಿರುತ್ತದೆ. ಗೆರೆಯ ಕೆಳತುದಿಯನ್ನು ನೋಡಬೇಡಿ, ಅದು ಮೇಲೆ ಎಲ್ಲಿಂದ ಹೊರಟಿದೆ ಅನ್ನುವುದನ್ನು ನೋಡಿ. ಮೊದಲ ದಿನ ಏನೂ ಕಾಣದಿದ್ದರೆ ಇನ್ನೆರಡು ದಿನ ಓಡಿಸಿ ಮತ್ತೆ ನೋಡಿ. ನೋಡದೆ ಒಂದೇ ಸಲ ಬಹಳ ದೂರ ಓಡಿಸಿದರೆ ಎಣ್ಣೆ ಎಲ್ಲ ಕಡೆ ಹರಡಿಕೊಂಡು ಗೆರೆ ಅಳಿಸಿಹೋಗುತ್ತದೆ.

ನಿಮ್ಮ ಗಾಡಿಯಲ್ಲಿ ನಾನು ಮೊದಲು ನೋಡುವ ಜಾಗ ಎರಡು. ಒಂದು, ಟ್ಯಾಪೆಟ್ ಕವರ್ ಪ್ಯಾಕಿಂಗ್. ರಬ್ಬರು ವರ್ಷಗಟ್ಟಲೆ ಬಿಸಿ ಕುಡಿದು ಗಟ್ಟಿಯಾಗುತ್ತದೆ, ಉಗುರಿನಿಂದ ಒತ್ತಿದರೂ ತಗ್ಗುವುದಿಲ್ಲ. ಅಂಥದ್ದನ್ನು ಎಷ್ಟು ಬಿಗಿ ಮಾಡಿದರೂ ಸೋರಿಕೆ ನಿಲ್ಲುವುದಿಲ್ಲ, ಕವರ್ ಡೊಂಕಾಗುತ್ತದೆ ಅಷ್ಟೇ. ಹೊಸದು ಹಾಕುವಾಗ ಬಿಗಿಯುವ ಜಾಗದ ರಬ್ಬರ್ ವಾಷರ್‌ಗಳನ್ನೂ ಬದಲಾಯಿಸಿ.

ಎರಡನೆಯದು ಡಿಸ್ಟ್ರಿಬ್ಯೂಟರ್. ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಈ ಎಂಜಿನ್ನಿನಲ್ಲಿ ಅದು ಹೆಡ್ಡಿನ ತುದಿಯಲ್ಲಿ, ಗೇರ್‌ಬಾಕ್ಸ್ ಕಡೆಗೆ ಕೂತಿರುತ್ತದೆ. ಅದರ ಬುಡದಲ್ಲಿ ಒಂದು ಸಣ್ಣ ಓ-ರಿಂಗ್ ಇದೆ. ಅದು ಒಣಗಿ ಬಿರಿದರೆ ಎಣ್ಣೆ ಗೇರ್‌ಬಾಕ್ಸಿನ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಗಂಟೆಯಾಕಾರದ ಕವಚ) ಮೇಲೆ ಇಳಿದು, ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಸಂದಿಯಿಂದಲೇ ತೊಟ್ಟಿಕ್ಕುತ್ತದೆ. ಹಿಂದಿನ ಕ್ರ್ಯಾಂಕ್ ಸೀಲ್ ಹೋದರೂ ಎಣ್ಣೆ ಬೀಳುವುದು ಅದೇ ಸಂದಿಯಿಂದ. ಸೀಲ್ ಅಂದುಕೊಂಡು ಗೇರ್‌ಬಾಕ್ಸ್ ಇಳಿಸಿ, ಹೊಸ ಸೀಲ್ ಹಾಕಿ, ಮಾರನೆಯ ದಿನವೇ ಅದೇ ಜಾಗದಲ್ಲಿ ಎಣ್ಣೆ ಕಂಡು ತಲೆಮೇಲೆ ಕೈಹೊತ್ತು ಕೂತವರನ್ನು ನಾನು ನೋಡಿದ್ದೇನೆ. ಓ-ರಿಂಗ್ ಬದಲಾಯಿಸಲು ಡಿಸ್ಟ್ರಿಬ್ಯೂಟರ್ ತೆಗೆಯುವ ಮೊದಲು ಅದು ಕೂತಿದ್ದ ಜಾಗಕ್ಕೂ ಒಳಗೆ ತಿರುಗುವ ರೋಟರ್ ನಿಂತಿದ್ದ ದಿಕ್ಕಿಗೂ ಗುರುತು ಹಾಕಿಕೊಳ್ಳಲು ಹೇಳಿ, ಇಲ್ಲದಿದ್ದರೆ ಕಿಡಿ ಹಾರುವ ಟೈಮಿಂಗ್ ತಪ್ಪುತ್ತದೆ.

ಯಾವ ಸೀಲ್ ಬದಲಾಯಿಸುವುದಿದ್ದರೂ ಮೊದಲು ಬ್ರೀದರ್ ಪೈಪ್ ನೋಡಿಬಿಡಿ. ಟ್ಯಾಪೆಟ್ ಕವರಿನಿಂದ ಏರ್ ಕ್ಲೀನರ್‌ಗೆ ಹೋಗುವ ರಬ್ಬರ್ ಪೈಪ್ ಅದು. ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುವ ಹೊಗೆ ಈ ದಾರಿಯಲ್ಲಿ ಹೊರಹೋಗಬೇಕು. ಪೈಪಿನಲ್ಲಿ ಮಡ್ಡಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಲ್ಲಿ ದುರ್ಬಲವೋ ಅಲ್ಲಿಂದ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಆಗ ಒಂದು ಸೀಲ್ ಸರಿಮಾಡಿದರೆ ಇನ್ನೊಂದು ಸೋರುತ್ತದೆ. ಬಿಚ್ಚಿ, ಬಾಯಿಂದ ಗಾಳಿ ಊದಿ ನೋಡಿದರೆ ಸಾಕು, ತಿಳಿಯುತ್ತದೆ. ಹಾಗೆಯೇ ಎಂಜಿನ್ ಐಡಲಿಂಗ್‌ನಲ್ಲಿ ಇರುವಾಗ ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ತೆಗೆದು, ಸುಮ್ಮನೆ ಬಾಯಿಯ ಮೇಲೆ ಇಡಿ. ಸ್ವಲ್ಪ ಅಲುಗಾಡಿದರೆ ಚಿಂತೆಯಿಲ್ಲ. ಎಗರಿ ಬೀಳುವಂತಿದ್ದು ಹೊಗೆಯೂ ಉಗುಳಿದರೆ ರಿಂಗ್ ಸವೆದಿರಬಹುದು. ಆಗ ಕಂಪ್ರೆಷನ್ ಚೆಕ್ ಮಾಡಿಸಿಯೇ ಮುಂದಿನ ಮಾತು.

ಚೇಂಬರನ್ನು ಈಗ ಮುಟ್ಟಬೇಡಿ. ಆದರೆ ಒಂದು ವಿಷಯ ಮೆಕ್ಯಾನಿಕ್ ಹತ್ತಿರ ಕೇಳಿ: ಅನಾಬಾಂಡ್ ಎಷ್ಟು ಹಚ್ಚಿದರು? ದಪ್ಪಗೆ ಹಚ್ಚಿದರೆ ಬಿಗಿಯುವಾಗ ಹೆಚ್ಚಾದದ್ದು ಒಳಕ್ಕೂ ಉಬ್ಬಿ, ಎಳೆಯಾಗಿ ಕಿತ್ತು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳಬಹುದು. ಆಯಿಲ್ ಲೈಟ್ ಆರಲು ತಡವಾಗುತ್ತಿದ್ದರೆ, ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಮಿನುಗುತ್ತಿದ್ದರೆ ಗಾಡಿ ನಿಲ್ಲಿಸಿ ಚೇಂಬರ್ ಇಳಿಸಿ ನೋಡಲೇಬೇಕು. ಅಲ್ಲಿರುವುದು ಹತ್ತನೇ ನಂಬರ್ ಸ್ಪ್ಯಾನರಿನ ಸಣ್ಣ ಬೋಲ್ಟ್‌ಗಳು, 10 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಸಾಕು. ಮೈಮೇಲೆ ಬಂದವರಂತೆ ಬಿಗಿದರೆ ತಗಡಿನ ಅಂಚು ಬೋಲ್ಟಿನ ಸುತ್ತ ಗುಳಿಬೀಳುತ್ತದೆ. ಆ ಗುಳಿಯನ್ನು ಮಟ್ಟವಾದ ಕಬ್ಬಿಣದ ಮೇಲಿಟ್ಟು ತಟ್ಟಿ ಸರಿಮಾಡದೆ ಯಾವ ಪ್ಯಾಕಿಂಗ್ ಹಾಕಿದರೂ ಪ್ರಯೋಜನವಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ, ಮೇಲಿನದೆಲ್ಲ ಒಣಗಿದ್ದು ಬೆಲ್ ಹೌಸಿಂಗ್ ಒಳಗಿನಿಂದಲೇ ಎಣ್ಣೆ ಬರುತ್ತಿದ್ದರೆ ಬೆರಳಿಗೆ ಹಚ್ಚಿ ಮೂಸಿ. ಗಂಧಕದ ಘಾಟು ಬಂದರೆ ಅದು ಗೇರ್ ಆಯಿಲ್, ಗೇರ್‌ಬಾಕ್ಸಿನ ಸೀಲ್ ಹೋಗಿದೆ. ಕಪ್ಪಗಿದ್ದು ಆ ಘಾಟು ಇಲ್ಲದಿದ್ದರೆ ಕ್ರ್ಯಾಂಕ್ ಸೀಲ್. ಆಗಲೂ ಎಂಜಿನ್ ಇಳಿಸಬೇಕಿಲ್ಲ, ಗೇರ್‌ಬಾಕ್ಸ್ ಇಳಿಸಿದರೆ ಸಾಕು. ಸೀಲ್‌ಗಿಂತ ಕೂಲಿಯೇ ದುಬಾರಿಯಾದ ಕೆಲಸ ಇದು, ಹಾಗಾಗಿ ಕ್ಲಚ್ ಪ್ಲೇಟ್ ಸವೆದಿದ್ದರೆ ಅದನ್ನೂ ಆಗಲೇ ಹಾಕಿಸಿ. ಹಳೆಯ ಸೀಲಿನ ತುಟಿ ಉಜ್ಜಿ ಶಾಫ್ಟಿನ ಮೇಲೆ ಗೀರು ಬಿದ್ದಿದ್ದರೆ, ಜಾಗವಿದ್ದಷ್ಟೂ ಹೊಸ ಸೀಲನ್ನು ಒಂದು ಮಿಲಿಮೀಟರ್ ಹಿಂದೆಮುಂದೆ ಕೂರಿಸಿದರೆ ತುಟಿ ಸವೆಯದ ಜಾಗದ ಮೇಲೆ ಕೂರುತ್ತದೆ.

ಬಾಟಲಿ ಔಷಧಿಯ ಬಗ್ಗೆ ಕೇಳಿದಿರಿ. ಅದು ಗಟ್ಟಿಯಾದ ರಬ್ಬರನ್ನು ಸ್ವಲ್ಪ ಮೆದು ಮಾಡಿ ಉಬ್ಬಿಸುತ್ತದೆ. ಕೆಲವು ಸೀಲ್‌ಗಳಲ್ಲಿ ಕೆಲವು ತಿಂಗಳು ಕೆಲಸ ಮಾಡಬಹುದು. ಹರಿದ ಪ್ಯಾಕಿಂಗ್‌ಗೆ, ಗೀರು ಬಿದ್ದ ಶಾಫ್ಟಿಗೆ, ಕಟ್ಟಿಕೊಂಡ ಬ್ರೀದರ್‌ಗೆ ಏನೂ ಮಾಡಲಾರದು. ನಾನಾಗಿದ್ದರೆ ಹಾಕುವುದಿಲ್ಲ.

ಸಾಮಾನು ಸಿಗುವುದಿಲ್ಲ ಅನ್ನುವ ಭಯ ಬೇಡ. ಮಾರುತಿ 800 ತಯಾರಿಕೆ 2014ಕ್ಕೆ ನಿಂತರೂ, ಇದೇ 796 ಸಿಸಿ ಎಂಜಿನ್ನಿನ ಓಮ್ನಿ 2019ರವರೆಗೆ ಬಂತು. ಶಿವಮೊಗ್ಗದ ಅಂಗಡಿಯಲ್ಲಿ ಎಂಜಿನ್ ನಂಬರ್ ತೋರಿಸಿ, ಹಳೆಯ ಪ್ಯಾಕಿಂಗ್ ಜೊತೆಗೆ ಹೋಲಿಸಿಯೇ ತೆಗೆದುಕೊಳ್ಳಿ. ಅಲ್ಲಿಯವರೆಗೆ ಡಿಪ್‌ಸ್ಟಿಕ್ಕನ್ನು ವಾರಕ್ಕೊಮ್ಮೆ ನೋಡಿ. ಈ ಎಂಜಿನ್ ಹಿಡಿಯುವುದೇ ಮೂರು ಲೀಟರಿಗಿಂತ ಕಡಿಮೆ ಎಣ್ಣೆ, ಒಂದು ಲೀಟರ್ ಹೋದರೆ ಬೇರಿಂಗ್‌ಗೆ ಅಪಾಯ. ವಾಸನೆ ಜೊತೆಗೆ ಹೊಗೆಯೂ ಕಂಡರೆ ಘಾಟಿ ಹತ್ತಬೇಡಿ. ಇನ್ನೊಂದು ವಿನಂತಿ: ಬರೀ ಜಾಕ್ ಮೇಲೆ ಎತ್ತಿದ ಗಾಡಿಯ ಕೆಳಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಕೊಟ್ಟೇ ನೋಡಿ.

ಪ್ರಶ್ನೆ: ತಂದೆಯವರ ಕಾಲದ ಅಂಬಾಸಿಡರ್, 1489 ಸಿಸಿ ಪೆಟ್ರೋಲ್ ಎಂಜಿನ್. ಪೂರ್ತಿ ಓವರ್‌ಹಾಲ್ ಮಾಡಿಸಿದ್ದೇನೆ. ಆದರೂ ಎಂಜಿನ್ ಹಿಂಭಾಗದಿಂದ ಹನಿ ಬೀಳುತ್ತಿದೆ. ಕೆಲಸ ಸರಿಯಾಗಿಲ್ಲವೇ?
ಓದುಗರು, ಮೈಸೂರು

ಉತ್ತರ: ಕೆಲಸ ಸರಿಯಾಗಿಯೇ ಇರಬಹುದು ಸ್ವಾಮಿ, ಮೆಕ್ಯಾನಿಕ್ ಜೊತೆ ಜಗಳಕ್ಕೆ ಹೋಗುವ ಮೊದಲು ಇದನ್ನು ಓದಿ. ಮೋರಿಸ್ ಆಕ್ಸ್‌ಫರ್ಡ್ ಮೂಲದ ಈ ಗಾಡಿಗೆ ಬಂದದ್ದು ಬ್ರಿಟಿಷರ ಬಿ-ಸೀರೀಸ್ ಎಂಜಿನ್. ಅದರ ಕ್ರ್ಯಾಂಕಿನ ಹಿಂತುದಿಯಲ್ಲಿ ಈಗಿನ ಗಾಡಿಗಳ ಹಾಗೆ ರಬ್ಬರ್ ತುಟಿಯ ಸೀಲ್ ಇಲ್ಲ. ಶಾಫ್ಟಿನ ಮೇಲೆಯೇ ಸ್ಕ್ರೂ ಥರ ಸುರುಳಿ ಗೆರೆ ಕೊರೆದಿದ್ದಾರೆ. ಎಂಜಿನ್ ತಿರುಗುವಾಗ ಆ ಸುರುಳಿ ಎಣ್ಣೆಯನ್ನು ವಾಪಸ್ ಒಳಕ್ಕೆ ಎಳೆದುಕೊಳ್ಳುತ್ತದೆ. ನಿಂತಾಗ ಎಳೆಯುವವರಿಲ್ಲ, ಒಂದೆರಡು ಹನಿ ಹೊರಗೆ ಬಂದೇ ಬರುತ್ತದೆ. ಬೆಲ್ ಹೌಸಿಂಗ್ ತಳದ ತೂತಿನಲ್ಲಿ ಒಂದು ಸ್ಪ್ಲಿಟ್ ಪಿನ್ ಜೋತಾಡುತ್ತಿರುತ್ತದೆ, ಆ ತೂತು ಕಟ್ಟಿಕೊಳ್ಳದಿರಲಿ ಅಂತಲೇ ಇಟ್ಟದ್ದು. ಯಾರಾದರೂ ಎಂ-ಸೀಲ್ ಹಚ್ಚಿ ಮುಚ್ಚಲು ಬಂದರೆ ಬಿಡಬೇಡಿ, ಎಣ್ಣೆ ಒಳಗೇ ನಿಂತು ಕ್ಲಚ್ ಪ್ಲೇಟಿಗೆ ಹತ್ತುತ್ತದೆ.

ಹನಿಯಲ್ಲ, ಧಾರೆಯೇ ಅನ್ನುವಷ್ಟಿದ್ದರೆ ಬೇರೆ ಮಾತು. ಎಂಜಿನ್ನಿನ ಪಕ್ಕದಲ್ಲಿ ಎರಡು ಟ್ಯಾಪೆಟ್ ಸೈಡ್ ಕವರ್ ಇವೆ, ಅವುಗಳ ಕಾರ್ಕ್ ಪ್ಯಾಕಿಂಗ್ ಅತಿ ಬಿಗಿಯಿಂದ ಹಿಂಡಿಹೋಗಿದ್ದರೆ ಅಲ್ಲಿಂದ ಇಳಿದ ಎಣ್ಣೆ ಗಾಳಿಗೆ ಹಿಂದಕ್ಕೆ ಹರಿಯುತ್ತದೆ. ಅಲ್ಲೇ ಇರುವ ಬ್ರೀದರ್ ಪೈಪ್ ಕಟ್ಟಿದ್ದರೂ ಹಿಂಬದಿಯ ಸೋರಿಕೆ ಜಾಸ್ತಿಯಾಗುತ್ತದೆ. ಸಾಗರದ ಮೇಷ್ಟ್ರಿಗೆ ಹೇಳಿದ ಪೌಡರ್ ಪರೀಕ್ಷೆಯನ್ನು ನೀವೂ ಮಾಡಿ.

ಪ್ರಶ್ನೆ: ನಮ್ಮ ಹಳೇ ಸ್ಯಾಂಟ್ರೋಗೆ ಈ ಸಲ ಸಿಂಥೆಟಿಕ್ ಆಯಿಲ್ ಹಾಕಿಸಿದ ಮೇಲೆ ಸೋರುತ್ತಿದೆ. ಆಯಿಲಿನದೇ ತಪ್ಪೇ?
ಗೃಹಿಣಿ, ಹುಬ್ಬಳ್ಳಿ

ಉತ್ತರ: ಆಯಿಲ್ ಹೊಸ ತೂತು ಮಾಡುವುದಿಲ್ಲ ಅಕ್ಕಾ. ಮೊದಲೇ ಬಿರಿದಿದ್ದ ಸಂದಿಯನ್ನು ಮಡ್ಡಿ ಮುಚ್ಚಿಕೊಂಡಿರುತ್ತದೆ, ಹೊಸ ಆಯಿಲ್ ಅದನ್ನು ತೊಳೆದುಬಿಡುತ್ತದೆ. ತೀರಾ ತೆಳು ಗ್ರೇಡ್ ಹಾಕಿದ್ದರೂ ಹೀಗಾಗುತ್ತದೆ, ಬಿಲ್ಲಿನಲ್ಲಿರುವ ಗ್ರೇಡನ್ನು ಗಾಡಿಯ ಪುಸ್ತಕದ ಜೊತೆ ತಾಳೆ ನೋಡಿ. ಅದಕ್ಕೂ ಮೊದಲು ಡ್ರೈನ್ ಬೋಲ್ಟ್ ಮತ್ತು ಆಯಿಲ್ ಫಿಲ್ಟರ್ ಬುಡವನ್ನು ಒರೆಸಿ ನೋಡಿಸಿ. ಆಯಿಲ್ ಬದಲಾಯಿಸುವಾಗ ಕೈಯಾಡುವುದು ಆ ಎರಡು ಜಾಗದಲ್ಲೇ. ಬೋಲ್ಟಿಗೆ ಹಳೇ ವಾಷರನ್ನೇ ಹಾಕಿದ್ದರೆ, ಇಲ್ಲವೇ ಹಳೇ ಫಿಲ್ಟರಿನ ರಬ್ಬರ್ ರಿಂಗ್ ಬ್ಲಾಕಿಗೇ ಅಂಟಿಕೊಂಡಿದ್ದು ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದ್ದರೆ ಸೋರುವುದು ಖಂಡಿತ. ಎರಡು ರಿಂಗ್ ಸೇರಿಕೊಂಡಿದ್ದರೆ ಓಡುವಾಗ ಒಮ್ಮೆಲೇ ಕಿತ್ತು ಎಣ್ಣೆಯೆಲ್ಲ ಹೊರಗೆ ಹೋಗಬಹುದು, ಆದ್ದರಿಂದ ಇದನ್ನು ನೋಡಿಸುವವರೆಗೆ ಗಾಡಿ ತೆಗೆಯಬೇಡಿ. ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.