ಇಂಗ್ಲೆಂಡಿನ ನೀರಿನ ಕಂಪನಿಗಳ ಆದಾಯಕ್ಕೆ ಮಿತಿ ಹಾಕುವವರು ಯಾರು, ಹೇಗೆ?

ಇಂಗ್ಲೆಂಡಿನಲ್ಲಿ ಒಂದು ಪ್ರದೇಶಕ್ಕೆ ಒಂದೇ ಖಾಸಗಿ ಕಂಪನಿ ನೀರು ಕೊಡುವಾಗ, ಅದು ಮನಸ್ಸಿಗೆ ಬಂದಷ್ಟು ದರ ಹಾಕದಂತೆ ತಡೆಯುವವರು ಯಾರು, ಸೇವೆ ಕೆಟ್ಟರೆ ಕೇಳುವವರು ಯಾರು ಎಂಬುದು ನಿಮ್ಮ ಪ್ರಶ್ನೆ. ಈ ದರ ನಿರ್ಣಯದ ದಾಖಲೆಗಳನ್ನು ಕೆಲಸದ ನಿಮಿತ್ತ ಓದುತ್ತ ಬಂದಿರುವುದರಿಂದ ನನಗೆ ತಿಳಿದಷ್ಟನ್ನು ಹೇಳುತ್ತೇನೆ. 1989ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 10 ಪ್ರಾದೇಶಿಕ ಜಲ ಪ್ರಾಧಿಕಾರಗಳನ್ನು ಖಾಸಗೀಕರಿಸಿದಾಗ ಈ ಎರಡೂ ಹೊಣೆಗಳಿಗಾಗಿ ಆಫ್‌ವಾಟ್ ಎಂಬ ನಿಯಂತ್ರಕ ವ್ಯವಸ್ಥೆಯನ್ನು ರೂಪಿಸಲಾಯಿತು. ಅದು 5 ವರ್ಷಕ್ಕೊಮ್ಮೆ ಪ್ರತಿಯೊಂದು ಕಂಪನಿಯ ಯೋಜನೆಯನ್ನು ತರಿಸಿಕೊಂಡು, ಪರಿಶೀಲಿಸಿ, ಮುಂದಿನ 5 ವರ್ಷಗಳಲ್ಲಿ ಆ ಕಂಪನಿ ಗ್ರಾಹಕರಿಂದ ಒಟ್ಟು ಎಷ್ಟು ಹಣ ಪಡೆಯಬಹುದು ಎಂದು ನಿರ್ಧರಿಸುತ್ತದೆ.

ಆ ಮೊತ್ತ ಹಲವು ಭಾಗಗಳಿಂದ ಕೂಡಿರುತ್ತದೆ. ದಿನನಿತ್ಯದ ನಿರ್ವಹಣೆ ಮತ್ತು ಹೊಸ ಕಾಮಗಾರಿಗಳೆರಡನ್ನೂ ಸೇರಿಸಿ ಒಟ್ಟು ವೆಚ್ಚವನ್ನು ಅಂದಾಜು ಮಾಡಿ, ಅದರ ಒಂದು ಪಾಲನ್ನು ಆಯಾ ವರ್ಷದ ಬಿಲ್ಲಿನಲ್ಲೇ ವಸೂಲು ಮಾಡಲು ಬಿಡುತ್ತಾರೆ; ಉಳಿದದ್ದು ನಿಯಂತ್ರಕರು ಲೆಕ್ಕವಿಡುವ ಬಂಡವಾಳ ಮೌಲ್ಯಕ್ಕೆ ಸೇರುತ್ತದೆ. ಆ ಬಂಡವಾಳದ ಮೇಲೆ ವರ್ಷವರ್ಷವೂ ಸವಕಳಿ ಮತ್ತು ನಿಗದಿತ ಪ್ರತಿಫಲ ಸಿಗುತ್ತದೆ, ತೆರಿಗೆಗೂ ಒಂದು ಮೊತ್ತ ಸೇರುತ್ತದೆ, ಮತ್ತು ಇಡೀ ಮಿತಿ ಹಣದುಬ್ಬರದೊಂದಿಗೆ ಏರುತ್ತದೆ. 2024ರ ಡಿಸೆಂಬರ್‌ನ ಅಂತಿಮ ನಿರ್ಣಯದಲ್ಲಿ ಈ ಪ್ರತಿಫಲ ಹಣದುಬ್ಬರ ಬಿಟ್ಟು ಶೇ. 4.03. ಅದೇ ವರ್ಷದ ಜುಲೈನ ಕರಡಿನಲ್ಲಿ ಅದು ಶೇ. 3.72 ಇತ್ತು. ಬಂಡವಾಳದ ಮೊತ್ತ ಅಗಾಧವಾಗಿರುವುದರಿಂದ ಇಷ್ಟು ಸಣ್ಣ ವ್ಯತ್ಯಾಸವೂ ಬಿಲ್ಲಿನಲ್ಲಿ ಎದ್ದು ಕಾಣುತ್ತದೆ. ಕಂಪನಿಗಳ ಪರವಾಗಿ ವಾದಿಸುವವರು ಹೆಚ್ಚು ಶ್ರಮ ಪಡುವುದೂ ಈ ಒಂದು ಅಂಕಿಗಾಗಿಯೇ.

ಮಿತಿ ಇರುವುದು ಒಟ್ಟು ಆದಾಯಕ್ಕೇ ಹೊರತು ಲೀಟರ್ ದರಕ್ಕಲ್ಲ. ಜನ ನೀರನ್ನು ಮಿತವಾಗಿ ಬಳಸಿದಾಗ ಕಂಪನಿಯ ವಸೂಲಿ ಕಡಿಮೆಯಾದರೆ ಮುಂದೆ ಅದನ್ನು ಸರಿದೂಗಿಸಲಾಗುತ್ತದೆ, ಹೆಚ್ಚು ವಸೂಲಾದರೆ ಹಿಂತಿರುಗಿಸಬೇಕಾಗುತ್ತದೆ. ಹೀಗಾಗಿ ಹೆಚ್ಚು ನೀರು ಮಾರಿ ಲಾಭ ಮಾಡುವ ಆಸೆಗೆ ಅವಕಾಶವಿಲ್ಲ.

ವೆಚ್ಚದ ಅಂದಾಜು ನ್ಯಾಯವೇ ಎಂದು ತಿಳಿಯಲು ಪೈಪೋಟಿ ಇಲ್ಲದ ಕಡೆ ಉಳಿಯುವ ದಾರಿ ಹೋಲಿಕೆ. ಕೊಳವೆ ಜಾಲದ ಉದ್ದ, ಸಂಪರ್ಕ ಪಡೆದ ಮನೆಗಳ ಸಂಖ್ಯೆ, ಜನಸಾಂದ್ರತೆ ಮುಂತಾದವನ್ನು ಗಣನೆಗೆ ತೆಗೆದುಕೊಂಡು, ಇತರ ಕಂಪನಿಗಳು ಇದೇ ಕೆಲಸವನ್ನು ಎಷ್ಟರಲ್ಲಿ ಮಾಡುತ್ತಿವೆ ಎಂದು ಆಫ್‌ವಾಟ್ ನೋಡುತ್ತದೆ. ಎರಡು ನೀರಿನ ಕಂಪನಿಗಳು ವಿಲೀನವಾಗಲು ಅಲ್ಲಿ ವಿಶೇಷ ಪರಿಶೀಲನೆ ಇರುವುದಕ್ಕೂ ಇದೇ ಕಾರಣ: ಒಂದು ಕಂಪನಿ ಕಡಿಮೆಯಾದರೆ ಹೋಲಿಸಲು ಒಂದು ಮಾದರಿ ಕಡಿಮೆಯಾಗುತ್ತದೆ.

ಇನ್ನು ಸೇವಾಮಟ್ಟ. ಇದನ್ನು ಆದಾಯ ಮಿತಿಯಿಂದ ಬೇರ್ಪಡಿಸಿ ನೋಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಮಿತಿಯನ್ನಷ್ಟೇ ಹಾಕಿದರೆ ಕೊಳವೆ ರಿಪೇರಿಯನ್ನು ಮುಂದೂಡುವುದೇ ಕಂಪನಿಗೆ ಸುಲಭದ ಉಳಿತಾಯವಾಗುತ್ತದೆ. ಆದ್ದರಿಂದ ಸೋರಿಕೆ, ಪೂರೈಕೆ ವ್ಯತ್ಯಯ, ಮನೆಯೊಳಗೆ ಚರಂಡಿ ನೀರು ನುಗ್ಗುವುದು, ಮಾಲಿನ್ಯದ ಘಟನೆಗಳು, ಗ್ರಾಹಕರ ತೃಪ್ತಿ ಇವುಗಳಿಗೆಲ್ಲ ಗುರಿಗಳಿವೆ. ಗುರಿ ತಪ್ಪಿದರೆ ಮುಂದೆ ಆದಾಯದಲ್ಲಿ ಕಡಿತ, ಮೀರಿ ಸಾಧಿಸಿದರೆ ಹೆಚ್ಚಳ. ಪೂರೈಕೆ ವ್ಯತ್ಯಯವನ್ನೇ ನೋಡಿ: 3 ಗಂಟೆ ಅಥವಾ ಹೆಚ್ಚು ಕಾಲ ನೀರು ನಿಂತ ಸಂದರ್ಭಗಳನ್ನಷ್ಟೇ ಎಣಿಸಿ, ಆ ನಿಮಿಷಗಳನ್ನು ಕಂಪನಿ ನೀರು ಪೂರೈಸುವ ಎಲ್ಲ ಕಟ್ಟಡಗಳಿಗೆ ಹಂಚುತ್ತಾರೆ. 2024-25ಕ್ಕೆ ಇಟ್ಟ ಗುರಿ ಕಟ್ಟಡಕ್ಕೆ ಸರಾಸರಿ 5 ನಿಮಿಷ. ಸರಾಸರಿಯೊಳಗೆ ಒಂದು ಬೀದಿಯವರ ಎರಡು ದಿನಗಳ ಪಾಡು ಮರೆಯಾಗಬಹುದಾದ್ದರಿಂದ, ಪ್ರತಿ ಗ್ರಾಹಕನಿಗೂ ಕನಿಷ್ಠ ಖಾತರಿಗಳನ್ನು ಪ್ರತ್ಯೇಕ ನಿಯಮಗಳಲ್ಲಿ ಇಟ್ಟಿದ್ದಾರೆ. ಅವು ತಪ್ಪಿದರೆ ಆ ಮನೆಗೇ ಪರಿಹಾರ ಸಲ್ಲಬೇಕು. ಕುಡಿಯುವ ನೀರಿನ ಗುಣಮಟ್ಟಕ್ಕೆ ಮತ್ತು ನದಿಗಳ ಮಾಲಿನ್ಯಕ್ಕೆ ಬೇರೆ ಸಂಸ್ಥೆಗಳಿವೆ.

ಆದರೆ ಅಳತೆ ಪ್ರಾಮಾಣಿಕವಾಗಿರದಿದ್ದರೆ ಗುರಿಗೆ ಅರ್ಥವಿಲ್ಲ. ಸದರ್ನ್ ವಾಟರ್ ಕಂಪನಿ ತನ್ನ ಕೊಳಚೆ ಶುದ್ಧೀಕರಣ ಘಟಕಗಳ ಬಗ್ಗೆ ತಪ್ಪು ಮಾಹಿತಿ ಕೊಟ್ಟಿದ್ದು ಬಯಲಾಗಿ, 2019ರಲ್ಲಿ 12.6 ಕೋಟಿ ಪೌಂಡ್ ದಂಡ ಮತ್ತು ರಿಯಾಯಿತಿಯ ಹೊರೆ ಹೊತ್ತಿತು. ಅದರಲ್ಲಿ 30 ಲಕ್ಷ ಮಾತ್ರ ದಂಡ, ಉಳಿದದ್ದು ಗ್ರಾಹಕರಿಗೆ ಬಿಲ್ಲಿನಲ್ಲಿ ಮರಳಿತು. ಹಣ ಗ್ರಾಹಕರಿಗೇ ಮರಳಬೇಕೆಂಬ ಆ ತೀರ್ಮಾನ ಸರಿಯೆಂದೇ ನಾನು ಭಾವಿಸುತ್ತೇನೆ.

ಈ ಪದ್ಧತಿಯ ದೊಡ್ಡ ದೌರ್ಬಲ್ಯ ಸಾಲದ ವಿಷಯದಲ್ಲಿದೆ. ಪ್ರತಿಫಲವನ್ನು ಲೆಕ್ಕ ಹಾಕುವಾಗ ಆಫ್‌ವಾಟ್ ಮಿತವಾದ ಸಾಲವಿರುವ ಒಂದು ಕಾಲ್ಪನಿಕ ಕಂಪನಿಯನ್ನು ಆಧಾರವಾಗಿಟ್ಟುಕೊಳ್ಳುತ್ತದೆ. ನಿಜವಾದ ಕಂಪನಿ ಅದಕ್ಕಿಂತ ಬಹಳ ಹೆಚ್ಚು ಸಾಲ ಮಾಡಿದರೆ ನಷ್ಟ ಅದರ ಮಾಲೀಕರದ್ದೇ ಎಂಬುದು ತರ್ಕ. ಕಾಗದದ ಮೇಲೆ ಇದು ನ್ಯಾಯವೇ, ಆದರೆ ಸುಮಾರು 1.6 ಕೋಟಿ ಜನರಿಗೆ ಸೇವೆ ಕೊಡುವ ಥೇಮ್ಸ್ ವಾಟರ್ ಸಾಲದಲ್ಲಿ ಮುಳುಗಿದಾಗ ಆ ನಷ್ಟ ಮಾಲೀಕರಲ್ಲೇ ನಿಲ್ಲುವುದಿಲ್ಲ ಎಂಬುದು ಸ್ಪಷ್ಟವಾಯಿತು. 2025ರ ಮೇ ತಿಂಗಳಲ್ಲಿ ಆ ಕಂಪನಿಗೆ ವಿಧಿಸಿದ 12.27 ಕೋಟಿ ಪೌಂಡ್ ದಂಡದಲ್ಲಿ 1.82 ಕೋಟಿ ನಿಯಮ ಮೀರಿ ಲಾಭಾಂಶ ಹಂಚಿದ್ದಕ್ಕೆ.

2025-30ರ ಅವಧಿಗೆ ಆಫ್‌ವಾಟ್ ಸುಮಾರು 10,400 ಕೋಟಿ ಪೌಂಡ್ ವೆಚ್ಚಕ್ಕೆ ಒಪ್ಪಿತು. ಹಣದುಬ್ಬರಕ್ಕೆ ಮುನ್ನವೇ ಬಿಲ್ಲುಗಳು ಸರಾಸರಿ ಶೇ. 36 ಏರಲಿವೆ. ಇದೂ ಸಾಲದೆಂದು 5 ಕಂಪನಿಗಳು ತಮ್ಮ ಪ್ರಕರಣವನ್ನು ಮರುನಿರ್ಣಯಕ್ಕಾಗಿ ಸ್ಪರ್ಧಾ ಪ್ರಾಧಿಕಾರದ ಮುಂದೆ ಒಯ್ಯುವಂತೆ ಕೋರಿದವು. 2025ರ ಜುಲೈನಲ್ಲಿ ಸರ್ ಜಾನ್ ಕನ್ಲಿಫ್ ನೇತೃತ್ವದ ಸ್ವತಂತ್ರ ಆಯೋಗ ಆಫ್‌ವಾಟನ್ನೇ ರದ್ದುಪಡಿಸಿ ಒಂದೇ ನಿಯಂತ್ರಕ ಸಂಸ್ಥೆಯನ್ನು ಸ್ಥಾಪಿಸುವಂತೆ ಶಿಫಾರಸು ಮಾಡಿತು, ಸರ್ಕಾರ ಒಪ್ಪಿಕೊಂಡಿತು. ಹೋಲಿಕೆಯ ಲೆಕ್ಕಾಚಾರವನ್ನಷ್ಟೇ ನೆಚ್ಚದೆ ಪ್ರತಿ ಕಂಪನಿಯ ಸ್ಥಿತಿಗತಿಯನ್ನು ಹತ್ತಿರದಿಂದ ಬಲ್ಲ ಮೇಲ್ವಿಚಾರಕರು ಬೇಕೆಂಬುದು ಆಯೋಗದ ವಾದಗಳಲ್ಲೊಂದು. ಥೇಮ್ಸ್ ಪ್ರಕರಣವನ್ನು ಗಮನಿಸಿದ ಮೇಲೆ ನಾನೂ ಅದನ್ನು ಒಪ್ಪುತ್ತೇನೆ.