ಬೈಬಲ್‌ನಲ್ಲಿ ಯಾವ ಪುಸ್ತಕ ಇರಬೇಕು ಅಂತ ನೈಸಿಯಾ ಸಭೆ ತೀರ್ಮಾನ ಮಾಡಿತಾ?

ಇಲ್ಲ. 325ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಈಗಿನ ಟರ್ಕಿಯಲ್ಲಿರುವ ನೈಸಿಯಾದಲ್ಲಿ ಬಿಷಪ್‌ಗಳ ಸಭೆ ಕರೆದದ್ದು ನಿಜ. ಆದರೆ ಅಲ್ಲಿನ ಜಗಳವೇ ಬೇರೆ. ಯೇಸು ತಂದೆ ದೇವರಿಗೆ ಸಮಾನನಾ, ಇಲ್ಲ ಆರಿಯಸ್ ಎಂಬ ಪಾದ್ರಿ ಹೇಳಿದಂತೆ ದೇವರೇ ಸೃಷ್ಟಿಸಿದವನಾ ಅನ್ನುವುದು. ಸಭೆ ಮಾಡಿದ 20 ನಿಯಮಗಳು ಈಗಲೂ ಓದಲು ಸಿಗುತ್ತವೆ. ಒಂದರಲ್ಲೂ ಪುಸ್ತಕಗಳ ಪಟ್ಟಿಯಿಲ್ಲ.

ಮತ್ತೆ ಈ ಕಥೆ ಎಲ್ಲಿಂದ ಬಂತು? 9ನೇ ಶತಮಾನದ ಒಂದು ಗ್ರೀಕ್ ಬರಹದಿಂದ. ಬಿಷಪ್‌ಗಳು ಪುಸ್ತಕಗಳನ್ನೆಲ್ಲ ಬಲಿಪೀಠದ ಹತ್ತಿರ ಇಟ್ಟು ಪ್ರಾರ್ಥಿಸಿದರಂತೆ, ನಿಜವಾದವು ಮೇಲೆ ಉಳಿದು ಸುಳ್ಳಿನವು ಕೆಳಗೆ ಹೋದವಂತೆ! ಸಭೆ ನಡೆದು 500 ವರ್ಷ ಆದಮೇಲೆ ಬರೆದದ್ದು ಇದು. ಮುಂದೆ 18ನೇ ಶತಮಾನದ ಫ್ರೆಂಚ್ ಲೇಖಕ ವೋಲ್ಟೇರ್ ಇದನ್ನೇ ಹಿಡಿದು ಗೇಲಿ ಮಾಡಿದ, ಕಥೆ ಇನ್ನೂ ಹಬ್ಬಿತು.

ನಿಜವಾಗಿ ಆದದ್ದು ಇಷ್ಟು ರೋಚಕವಲ್ಲ. ಆಗ ಪ್ರತಿ ಪುಸ್ತಕವನ್ನೂ ಕೈಯಲ್ಲೇ ನಕಲು ಮಾಡಬೇಕಿತ್ತು, ಖರ್ಚು ಜಾಸ್ತಿ. ಆರಾಧನೆಯಲ್ಲಿ ಓದುತ್ತಿದ್ದ ಪುಸ್ತಕಗಳನ್ನೇ ಜನ ಮತ್ತೆ ಮತ್ತೆ ನಕಲು ಮಾಡಿಸಿದರು. ಉಳಿದವು ಮೂಲೆ ಸೇರಿದವು. 180ರ ಸುಮಾರಿಗೇ ಈಗಿನ ಫ್ರಾನ್ಸ್‌ನ ಲಿಯಾನ್‌ನ ಬಿಷಪ್ ಐರೇನಿಯಸ್, ಸುವಾರ್ತೆಗಳು (ಯೇಸುವಿನ ಬದುಕು, ಬೋಧನೆ ಹೇಳುವ ಪುಸ್ತಕಗಳು) ನಾಲ್ಕೇ ಅಂತ ವಾದಿಸಿದ್ದ. ಬೈಬಲ್‌ನ ಎರಡನೇ ಭಾಗವಾದ ಇವತ್ತಿನ ಹೊಸ ಒಡಂಬಡಿಕೆಯ 27 ಪುಸ್ತಕಗಳೇ ಇರುವ ಪಟ್ಟಿ ಮೊದಲು ಕಾಣುವುದು 367ರಲ್ಲಿ, ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ ಈಸ್ಟರ್‌ಗೆ ಬರೆದ ಪತ್ರದಲ್ಲಿ.

ಪಟ್ಟಿಗೆ ಸೇರದ ತೋಮನ ಸುವಾರ್ತೆಯ ಪೂರ್ತಿ ಪ್ರತಿ ಸಿಕ್ಕಿದ್ದು 1945ರಲ್ಲಿ, ಈಜಿಪ್ಟಿನ ನಾಗ್ ಹಮ್ಮಾದಿಯ ಹತ್ತಿರ.